ಬೇಲಿ ದಾಟಿದ ಕುಂಬಳಬಳ್ಳಿ

ನಮ್ಮ ಹಿತ್ತಿಲಿಗೂ ಪಕ್ಕದ ಮನೆ ಅಕ್ಕನ ಹಿತ್ತಿಲಿಗೂ ನಡುವೆ ಎದೆಮಟ್ಟದ ಬೇಲಿ. ಅರ್ಧ ದಾಸವಾಳ, ಅರ್ಧ ತಂತಿ. ಆಷಾಢದಲ್ಲಿ ನಾನು ಊರಿದ ಸಿಹಿಗುಂಬಳದ ಬೀಜ ಶ್ರಾವಣಕ್ಕೆ ಬೇಲಿ ಹತ್ತಿ, ಈಗ ಭಾದ್ರಪದದಲ್ಲಿ ಬಳ್ಳಿಯ ಮುಕ್ಕಾಲು ಪಾಲು ಅವರ ಕಡೆಗೇ ಇಳಿದಿದೆ. ಬುಡ ನನ್ನ ಕಡೆ, ಹೀಚು ಅವರ ಕಡೆ. ಬೆಳಗ್ಗೆ ನಾನು ಬುಡಕ್ಕೆ ನೀರು ಹಾಕುವ ಹೊತ್ತಿಗೆ ಅವರು ಆಚೆ ಪಾರಿಜಾತದ ಮರದ ಕೆಳಗೆ ಕೂತು ಹೂ ಆರಿಸುತ್ತಿರುತ್ತಾರೆ. ನಂಜನಗೂಡಿನಲ್ಲಿ ನಾವು ಮನೆ ಕಟ್ಟಿ ಇಪ್ಪತ್ತಾರು ವರ್ಷವಾಯಿತು. ಅವರ ಮಗಳು ನನ್ನ ನಾಲ್ಕನೇ ಕ್ಲಾಸಿಗೆ ಸೇರಿದ್ದು, ಅಮೆರಿಕಕ್ಕೆ ಹೋಗಿದ್ದು, ಈ ಶ್ರಾವಣದಲ್ಲಿ ನರಸೀಪುರದ ಹುಡುಗನ ಜೊತೆ ನಿಶ್ಚಿತಾರ್ಥ ಆಗಿದ್ದು, ಎಲ್ಲ ಸುದ್ದಿಯೂ ನನಗೆ ಈ ಬೇಲಿಯ ಮೇಲಿಂದಲೇ ಬಂದದ್ದು.

2025ರ ಸೆಪ್ಟೆಂಬರ್ 5, ಶುಕ್ರವಾರ, ಅಕ್ಕ ಹೂ ಆರಿಸುತ್ತಿರಲಿಲ್ಲ. ಮೊಬೈಲು ಹಿಡಿದು ಬೇಲಿಗೆ ಒತ್ತಿಕೊಂಡೇ ನಿಂತಿದ್ದರು.

“ಟೀಚರಮ್ಮ, ವಸಿ ಇಲ್ಲಿ ಬನ್ನಿ. ನಮ್ ಮಗಳು ಏನ್ ಕಳ್ಸವ್ಳೆ ನೋಡಿ.”

ಫೋಟೊದಲ್ಲಿ ಒಂದು ಮರದ ಮನೆ. ಮೆಟ್ಟಿಲ ಮೇಲೆ ಸಾಲಾಗಿ ಕುಂಬಳಕಾಯಿ, ಒಂದೊಂದಕ್ಕೂ ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಟ್ಟಿದ್ದರು. ಹಿಂದೆ ಕೆಂಪು ಹಳದಿ ಎಲೆಯ ಮರಗಳು. ಆ ಎಲೆಗಳ ನಡುವೆ ಯಾರೋ ಮದುಮಕ್ಕಳು ನಿಂತಿದ್ದರು.

“ಅಕ್ಟೋಬರ್ 31ಕ್ಕೇ ಮದ್ವೆ ಇಟ್ಕಳವಾ, ಹಿಂಗೇ ಮಾಡವಾ ಅಂತಾಳೆ. ಅವತ್ತು ಅಲ್ಲಿ ಹ್ಯಾಲೋವೀನ್ ಅಂತೆ. ನಮ್ ಮೈದ್ನನ ಮಗ ಹೇಳ್ದ, ಅದು ದೆವ್ವದ ಹಬ್ಬ ಕಣ್ ದೊಡ್ಡವ್ವ ಅಂತ. ದೆವ್ವದ ಹಬ್ಬದ ದಿನ ಯಾರಾದ್ರೂ ಧಾರೆ ಎರೀತಾರಾ ಟೀಚರಮ್ಮ? ಬೀಗ್ರಿಗೆ ಯಾವ ಬಾಯಲ್ಲಿ ಹೇಳ್ಲಿ?”

ಅವರ ಗಾಬರಿಗೆ ಇನ್ನೊಂದು ಕಾರಣವೂ ಇತ್ತು. ಡೆಕೋರೇಷನ್‌ನವನೊಬ್ಬನಿಗೆ ಈ ಮಾತು ಹೇಳಿದ್ದಕ್ಕೆ ಅವನು ಕರಿಬಟ್ಟೆ ಇಳಿಬಿಟ್ಟ ಮಂಟಪ, ಪ್ಲಾಸ್ಟಿಕ್ ಬುರುಡೆ, ಜೇಡರ ಬಲೆ, ಬಾವಲಿ ಇರುವ ಫೋಟೊಗಳನ್ನೇ ಕಳಿಸಿದ್ದ. ಅಕ್ಕ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಅದನ್ನು ನೋಡಿದ ಯಾವ ತಾಯಿಗೂ ನಿದ್ದೆ ಬರುವುದಿಲ್ಲ.

ನಾನು ಮೂವತ್ನಾಲ್ಕು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದವಳು. ಗೊತ್ತಿದ್ದಷ್ಟು ಹೇಳಿದೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳಬರು ಸುಗ್ಗಿ ಮುಗಿಸಿ ಚಳಿಗಾಲಕ್ಕೆ ಕಾಲಿಡುವ ಸಂಧಿಯಲ್ಲಿ ಮಾಡುತ್ತಿದ್ದ ಹಬ್ಬ ಅದು. ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆ ಅಂತ ಅವರ ನಂಬಿಕೆ. ಆಮೇಲೆ ಕ್ರೈಸ್ತರು ನವೆಂಬರ್ 1ನ್ನು ಎಲ್ಲ ಸಂತರ ದಿನ ಅಂತಲೂ 2ನ್ನು ತೀರಿಕೊಂಡ ಎಲ್ಲರ ದಿನ ಅಂತಲೂ ಇಟ್ಟುಕೊಂಡರು. ನಮ್ಮ ಮೈಸೂರಿನಲ್ಲೂ ಅವತ್ತು ಕ್ರೈಸ್ತರ ಸಮಾಧಿಗಳ ಮೇಲೆ ಹೂವು, ಮೇಣದಬತ್ತಿ ಕಾಣುತ್ತವೆ. ಸಂತರ ದಿನದ ಹಿಂದಿನ ರಾತ್ರಿಯೇ ಹ್ಯಾಲೋವೀನ್. ಐರ್ಲೆಂಡಿನವರು ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ಹತ್ತೊಂಬತ್ತನೇ ಶತಮಾನದಲ್ಲಿ ಬರಗಾಲ ಬಿದ್ದು ಹಡಗು ಹತ್ತಿ ಅಮೆರಿಕಕ್ಕೆ ಹೋದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ಗೆಡ್ಡೆಗಿಂತ ದೊಡ್ಡದು, ಕೊರೆಯುವುದೂ ಸುಲಭ.

“ಕಣ್ಣು ಬಾಯಿ ಯಾಕೆ ಕೊರೀತಾರೆ?”

“ಕೆಟ್ಟದ್ದು ಒಳಗೆ ಬರಬಾರ್ದು ಅಂತ. ನಿಮ್ಮ ಬಾಗಿಲ ಮೇಲೆ ಏನಿದೆ ನೋಡಿ ಅಕ್ಕ.”

ಅವರು ತಿರುಗಿ ನೋಡಿದರು. ಹಿತ್ತಿಲ ಬಾಗಿಲ ಮೇಲೆ ಹುರಿಯ ಬಲೆಯಲ್ಲಿ ಬೂದುಗುಂಬಳ ತೂಗುತ್ತಿತ್ತು. ಹೋದ ಆಯುಧಪೂಜೆಗೆ ಕಟ್ಟಿದ್ದು. ಅದಕ್ಕೆ ಕಾಡಿಗೆಯಲ್ಲಿ ಬರೆದ ಎರಡು ದೊಡ್ಡ ಕಣ್ಣು, ಹುರಿಮೀಸೆ, ಸುಣ್ಣದಲ್ಲಿ ಬರೆದ ಕೋರೆಹಲ್ಲು. ಮಳೆಗೆ ಒಂದು ಕಣ್ಣು ಅರ್ಧ ಅಳಿಸಿಹೋಗಿತ್ತು. ಅಕ್ಕ ಮೊಬೈಲಿನ ಕುಂಬಳವನ್ನೂ ಬಾಗಿಲ ಮೇಲಿನ ಕುಂಬಳವನ್ನೂ ಎರಡೆರಡು ಸಲ ನೋಡಿದರು.

“ಅದೇ ಮುಖ ಕಣ್ರೀ,” ಅಂದರು ಮೆಲ್ಲಗೆ.

ಮಗಳಿಗೆ ಬೇಕಾಗಿರುವುದು ಆ ಕಾಲದ ಬಣ್ಣವೂ ಹೌದು. ಅಲ್ಲಿ ಅದನ್ನು ಫಾಲ್ ಅನ್ನುತ್ತಾರೆ, ಎಲೆ ಬೀಳುವ ಕಾಲ. ನಮ್ಮಲ್ಲಿ ಶರತ್ಕಾಲ ಅಂದರೆ ಆಶ್ವಯುಜ, ಕಾರ್ತಿಕ. ಆಗ ಮರ ಬೋಳಾಗುವುದಿಲ್ಲ. ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣಕ್ಕೆ, ನಮ್ಮೂರ ದೊಡ್ಡಜಾತ್ರೆಯ ತೇರು ಎಳೆಯುವ ಹೊತ್ತಿಗೆ. “ಕೆಂಪೆಲೆ ಮರ ನಾವೆಲ್ಲಿಂದ ತರಾದು?” ಅಂತ ಅಕ್ಕ ಕೇಳಿದಾಗ ನಾನು ರಸ್ತೆಗೆ ಹೋಗಿ ಮೂಲೆಮನೆಯ ಕಾಡುಬಾದಾಮಿ ಮರದ ಕೆಳಗಿಂದ ಒಂದು ಎಲೆ ಎತ್ತಿಕೊಂಡು ಬಂದೆ. ವರ್ಷದ ಯಾವ ತಿಂಗಳಲ್ಲಿ ಹುಡುಕಿದರೂ ಅದರಲ್ಲಿ ನಾಲ್ಕು ಕೆಂಪೆಲೆ ಇದ್ದೇ ಇರುತ್ತವೆ. ಅಂಗೈಗಿಂತ ಅಗಲ, ನಡುನರ ಹಳದಿ, ಅಂಚಿನಲ್ಲಿ ಇನ್ನೂ ಒಂದಿಷ್ಟು ಹಸಿರು, ಉಳಿದದ್ದೆಲ್ಲ ಕುಂಕುಮದಷ್ಟು ಕೆಂಪು. ನಮ್ಮ ಸ್ಕೂಲಿನ ಅಂಗಳದಲ್ಲಿ ಮಕ್ಕಳು ಇದನ್ನೇ ಮಡಚಿ ಪೀಪಿ ಮಾಡುತ್ತಿದ್ದರು.

ಆದರೆ ನನ್ನ ಮನಸ್ಸಿನಲ್ಲಿ ನಮ್ಮ ಶರತ್ಕಾಲ ಅಂದರೆ ಅಕ್ಕನ ಹಿತ್ತಿಲಿನ ಪಾರಿಜಾತ. ರಾತ್ರಿ ಅರಳುತ್ತದೆ, ಬೆಳಕು ಹರಿಯುವ ಹೊತ್ತಿಗೆ ತಾನೇ ತಾನಾಗಿ ಉದುರುತ್ತದೆ. ಬಿಳಿ ಎಸಳು, ಕೆಂಗಾವಿ ತೊಟ್ಟು. ನೆಲಕ್ಕೆ ಬಿದ್ದ ಹೂ ದೇವರಿಗೆ ಆಗುವುದಿಲ್ಲ ಅನ್ನುವ ನಾವು ಇದನ್ನು ಮಾತ್ರ ನೆಲದಿಂದಲೇ ಆರಿಸಿ ಪೂಜೆಗೆ ಇಡುತ್ತೇವೆ. ಉದುರಿದ್ದನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಕಾಲ ಇದು. ಬಣ್ಣವೇ ಬೇಕೆಂದರೆ ಕನಕಾಂಬರ ಇದೆ, ಸೇವಂತಿಗೆ ಇದೆ, ಚೆಂಡುಹೂ ಇದೆ. ಅವತ್ತೇ ಕೇರಳದಲ್ಲಿ ತಿರುವೋಣಂ. ಗುಂಡ್ಲುಪೇಟೆಯ ಹೊಲಗಳ ಚೆಂಡುಹೂ ಅಲ್ಲಿಯ ಅಂಗಳದಲ್ಲಿ ರಂಗೋಲಿಯಾಗಿತ್ತು. ಈ ಚೆಂಡುಹೂವಿನ ತವರು ಮೆಕ್ಸಿಕೊ, ಅಲ್ಲಿಂದ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದು ಎಷ್ಟೋ ತಲೆಮಾರಾಯಿತು. ಮೆಕ್ಸಿಕೊದ ಜನ ನವೆಂಬರ್ 1, 2ರಂದು ಇದೇ ಹೂವಿನ ಎಸಳನ್ನು ದಾರಿಗೆ ಚೆಲ್ಲುತ್ತಾರೆ, ತೀರಿಕೊಂಡ ತಮ್ಮವರಿಗೆ ಮನೆಯ ದಾರಿ ತಿಳಿಯಲಿ ಅಂತ. ಇದನ್ನು ಹೇಳಿದಾಗ ಅಕ್ಕ ಸುಮ್ಮನೆ ಕೇಳಿದರು, ಬೂದುಗುಂಬಳಕ್ಕೆ ಆಡಿದಂಥ ಮಾತು ಆಡಲಿಲ್ಲ. ಅವರ ಯಜಮಾನರು ತೀರಿಕೊಂಡು ಈ ಕಾರ್ತಿಕಕ್ಕೆ ಆರು ವರ್ಷ.

ಹೂವಿನ ಮಾತು ಮುಗಿಯಿತು, ದಿನದ ಮಾತು ಮುಗಿಯಲಿಲ್ಲ. ನಾನು ಒಳಗೆ ಹೋಗಿ ಒಂಟಿಕೊಪ್ಪಲ್ ಪಂಚಾಂಗ ತಂದೆ. ಭಾನುವಾರ ಹುಣ್ಣಿಮೆ, ರಾತ್ರಿ ಚಂದ್ರಗ್ರಹಣ ಬೇರೆ. ಸೋಮವಾರದಿಂದ ಪಕ್ಷ ಹುಟ್ಟುತ್ತದೆ. ಸೆಪ್ಟೆಂಬರ್ 21ರ ಮಹಾಲಯ ಅಮಾವಾಸ್ಯೆವರೆಗೆ ಅದು ಹಿರಿಯರ ಕಾಲ. ಮದುವೆ ಮಾತು ಎತ್ತುವುದಿಲ್ಲ, ಛತ್ರಕ್ಕೆ ಮುಂಗಡ ಕೊಡುವುದಿಲ್ಲ, ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗುವುದಿಲ್ಲ. ಹಾಗಾಗಿ ಏನೇ ಗೊತ್ತುಮಾಡುವುದಿದ್ದರೂ ಇವತ್ತು, ತಪ್ಪಿದರೆ ನಾಳೆ. ಅಕ್ಕನ ಮುಖದ ಗಾಬರಿ ಈ ಲೆಕ್ಕದ್ದೂ ಆಗಿತ್ತು. ಅಕ್ಟೋಬರ್ 31 ಶುಕ್ರವಾರ, ಬೆಳಗ್ಗೆ ಕಾರ್ತಿಕ ಶುದ್ಧ ನವಮಿ. ನವಮಿಗೆ ಯಾವ ಪುರೋಹಿತರೂ ಲಗ್ನ ಕಟ್ಟಿಕೊಡುವುದಿಲ್ಲ. ಮೇಲಾಗಿ ತುಳಸಿಗೆ ಇನ್ನೂ ಮದುವೆಯಾಗಿರುವುದಿಲ್ಲ. ಉತ್ಥಾನ ದ್ವಾದಶಿ ಬರುವುದು ನವೆಂಬರ್ 2ಕ್ಕೆ. ಅವತ್ತು ಸಂಜೆ ಬೃಂದಾವನದಲ್ಲಿ ನೆಲ್ಲಿಕೊಂಬೆ ನೆಟ್ಟು, ಕಬ್ಬು ಕಟ್ಟಿ, ನೆಲ್ಲಿಕಾಯಿಯಲ್ಲಿ ಬತ್ತಿ ಇಟ್ಟು ಆರತಿ ಎತ್ತಿದ ಮೇಲೇ ನಮ್ಮ ಹೆಣ್ಣುಮಕ್ಕಳ ಸರದಿ ಅಂತ ನಮ್ಮ ಎರಡೂ ಮನೆಯ ಪದ್ಧತಿ.

“ಎರಡು ದಿವ್ಸ ತಾನೆ ಹಿಂದ್ಮುಂದು. ಅವ್ಳಿಗೆ ಹೇಳಿ ಟೀಚರಮ್ಮ. ನೀವ್ ಹೇಳಿದ್ರೆ ಕೇಳ್ತಾಳೆ.”

ನಮಗೆ ಬೆಳಗ್ಗೆ ಏಳೂವರೆ, ಮಗಳಿರುವ ಬಾಸ್ಟನ್ನಿನಲ್ಲಿ ಹಿಂದಿನ ರಾತ್ರಿ ಹತ್ತು. ಅಕ್ಕ ಬೇಲಿಯ ಕಂಬಕ್ಕೆ ಮೊಬೈಲು ಒರಗಿಸಿ ವಿಡಿಯೋ ಕಾಲ್ ಮಾಡಿದರು. ನನ್ನನ್ನು ಕಂಡಕೂಡಲೇ ಆ ಹುಡುಗಿ, “ಮಿಸ್, ಹ್ಯಾಪಿ ಟೀಚರ್ಸ್ ಡೇ!” ಅಂದಳು. ಎದ್ದು ನಿಂತೇ ಹೇಳಿದಳು, ಕ್ಲಾಸಿನಲ್ಲಿ ನಿಂತ ಹಾಗೆ. ನಾನು ಸುತ್ತಿಬಳಸದೆ ಕೇಳಿದೆ. “31ನೇ ತಾರೀಖೇ ಯಾಕಮ್ಮ?”

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

“ಅಪ್ಪ ಹೋಗಿದ್ದು 2019ರ ನವೆಂಬರ್ 1, ಬೆಳಗಿನ ಜಾವ ಅಲ್ವಾ ಮಿಸ್. ಇಲ್ಲಿ ಅದು 31ರ ಸಂಜೆ. ಚಿಕ್ಕಪ್ಪ ಫೋನ್ ಮಾಡಿದಾಗ ಇಲ್ಲಿ ಏಳು ಗಂಟೆ. ನಾನು ಫೋನ್ ಇಡ್ತಿದ್ದ ಹಾಗೇ ಬಾಗಿಲು ತಟ್ಟಿದ್ರು. ಐದಾರು ಮಕ್ಕಳು. ಒಂದು ಪುಟಾಣಿ ಬಿಳಿ ಬೆಡ್‌ಶೀಟ್ ಹೊದ್ದು ಕಣ್ಣಿಗೆ ಎರಡು ತೂತು ಮಾಡ್ಕೊಂಡಿತ್ತು. ಮಕ್ಕಳಿಗೆ ಅಂತ ಚಾಕೊಲೇಟ್ ತಂದಿಟ್ಟಿದ್ದೆ. ಕೊಟ್ಟೆ. ಮತ್ತೆ ತಟ್ಟಿದ್ರು, ಮತ್ತೆ ಕೊಟ್ಟೆ. ಬಟ್ಟಲು ಖಾಲಿ ಆಗೋವರೆಗೂ ಕೊಟ್ಟೆ. ಅಳೋಕೆ ಆಗ್ಲಿಲ್ಲ, ಮಕ್ಕಳು ಹೆದರ್ತಾವೆ ಅಂತ. ಆಮೇಲೆ ಮೆಟ್ಟಿಲ ಮೇಲೆ ಕೂತೆ. ಎದುರು ಮನೆ ಅಜ್ಜಿ ಇಟ್ಟ ಕುಂಬಳಕಾಯಿ ದೀಪ ತುಂಬಾ ಹೊತ್ತು ಉರೀತಾ ಇತ್ತು. ಅಪ್ಪನ ಮುಖ ನಂಗೆ ಸಿಗ್ಲಿಲ್ಲ ಮಿಸ್. ನಾನು ಬಂದು ಇಳಿಯೋ ಹೊತ್ತಿಗೆ ನಂಗೆ ಸಿಕ್ಕಿದ್ದು ಸಂಗಮದಲ್ಲಿ ಮಡಕೆ. ಅವತ್ತಿನ ದೀಪ ಮಾತ್ರ ನನ್ನ ಹತ್ರ ಇದೆ. ಮದುವೆ ದಿನ ಅಪ್ಪ ಇರ್ಬೇಕು ಅಂದ್ರೆ ನಂಗೆ ಗೊತ್ತಿರೋದು ಅದೊಂದೇ ದಿನ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟರು. ಆರು ವರ್ಷದಲ್ಲಿ ಮಗಳು ಇದನ್ನು ಅವರಿಗೆ ಹೇಳಿರಲಿಲ್ಲ. ನನ್ನ ಕೈಯಲ್ಲಿದ್ದ ಚೊಂಬಿನ ನೀರು ಎಲ್ಲ ನನ್ನ ಕಾಲ ಮೇಲೇ ಚೆಲ್ಲಿಹೋಗಿತ್ತು.

ಆಮೇಲೆ ನಾನು ಅವಳಿಗೆ ಹೇಳಿದ್ದು ಉಪದೇಶ ಅಂತ ಅಲ್ಲ, ನನಗೆ ಹಾಗೇ ಅನ್ನಿಸಿತ್ತು. ಹೋದವರನ್ನು ಮದುವೆಗೆ ಕರೆಯುವುದು ನಮ್ಮಲ್ಲಿ ಹೊಸದಲ್ಲ ಮಗಳೇ, ಅವರಿಲ್ಲದೆ ನಮ್ಮ ಯಾವ ಮದುವೆಯೂ ಶುರುವಾಗುವುದಿಲ್ಲ. ನಮ್ಮ ಮನೆಯಲ್ಲಿ ನಾಂದಿ ಅಂತ ಮಾಡುತ್ತೇವೆ. ಅಪ್ಪ, ತಾತ, ಮುತ್ತಾತ, ಆ ಕಡೆ ಅಮ್ಮ, ಅಜ್ಜಿ, ಮುತ್ತಜ್ಜಿ, ಎಲ್ಲರನ್ನೂ ಕರೆದು ಕೂರಿಸಿದ ಮೇಲೇ ಕಂಕಣ. ನಿಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೀರಿ. ಹೊಸ ಪಂಚೆ, ಹೊಸ ಸೀರೆ, ಅವರಿಗೆ ಇಷ್ಟವಾದ ಅಡುಗೆ, ಒಂದು ಕಳಶ. ಧೂಪ ಹಾಕಿ ಬಾಗಿಲು ಮುಂದಕ್ಕೆಳೆದು ಎಲ್ಲರೂ ಸ್ವಲ್ಪ ಹೊತ್ತು ಆಚೆ ನಿಲ್ಲುತ್ತೀರಿ, ಅವರು ಬಂದು ಉಣ್ಣಲಿ ಅಂತ. ಬೇಲಿಯ ಈ ಕಡೆ ಅದಕ್ಕೊಂದು ಹೆಸರು, ಆ ಕಡೆ ಇನ್ನೊಂದು. ಲಗ್ನಪತ್ರಿಕೆಯಲ್ಲೂ ಅವರ ಹೆಸರು ಹಾಕೇ ಹಾಕುತ್ತೇವೆ. ಇನ್ನು ಕಾರ್ತಿಕದ ಆಕಾಶದೀಪ ಏತಕ್ಕೆ ಅಂದುಕೊಂಡೆ? ಎತ್ತರದ ಕೋಲಿನ ತುದಿಗೆ ಕಟ್ಟುವ ಆ ದೀಪ ಹಿರಿಯರಿಗೆ ದಾರಿ ಕಾಣಲಿ ಅಂತಲೇ ಹಚ್ಚುವುದು.

ನಿಮ್ಮಪ್ಪನ ತಿಥಿ ಕಾರ್ತಿಕ ಶುದ್ಧ ಪಂಚಮಿ. ಈ ಸಲ ಅದು ಅಕ್ಟೋಬರ್ 26, ಭಾನುವಾರ. ಹಾಗಾಗಿ ಪಂಚಮಿಗೆ ವರ್ಷಾಬ್ದಿಕ ಆಗಲಿ. 31ರ ಸಂಜೆ, ಅದು ನಿನ್ನ ದಿನ, ಹಿರಿಯರಿಗೆ ಎಡೆ ಆಗಲಿ. ಅವತ್ತು ಬಾಗಿಲ ಮುಂದೆ ಕುಂಬಳ ಕೊರೆದು ದೀಪ ಇಡು, ಬೀದಿ ಮಕ್ಕಳನ್ನೆಲ್ಲ ಕರೆದು ಸಿಹಿ ಕೊಡು, ಯಾರೂ ಬೇಡ ಅನ್ನುವುದಿಲ್ಲ. ನವೆಂಬರ್ 2ಕ್ಕೆ ತುಳಸಿ ಮದುವೆ. 3, ಸೋಮವಾರ, ತ್ರಯೋದಶಿ, ಉತ್ತರಾಭಾದ್ರ ನಕ್ಷತ್ರ. ಲಗ್ನ ಪುರೋಹಿತರೇ ಹೇಳಬೇಕು, ಆದರೆ ದಿನ ಚೆನ್ನಾಗಿದೆ.

ಅವಳು ಅತ್ತಳು. “31ಕ್ಕೆ ಅಪ್ಪ, 3ಕ್ಕೆ ನಾನು,” ಅಂದಳು. ಆಮೇಲೆ ಮೂಗು ಒರೆಸಿಕೊಂಡು, “ನನ್ನ ಆಫೀಸಿನ ನಾಲ್ಕು ಜನ ಬರ್ತಾರೆ ಮಿಸ್, ಅವ್ರಿಗೆ ಇದೆಲ್ಲ ನೀವೇ ಹೇಳ್ಬೇಕು,” ಅಂದಳು.

ನವೆಂಬರ್ 3 ಕಾರ್ತಿಕ ಸೋಮವಾರ. ನಂಜುಂಡೇಶ್ವರನ ಸನ್ನಿಧಿಯಲ್ಲಿ ಅವತ್ತಿನ ಜನ ಹೇಗಿರುತ್ತಾರೆ ಅನ್ನುವುದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಬೆಳಗಿನ ಜಾವದಿಂದ ಕಪಿಲೆಯ ಸೋಪಾನಕಟ್ಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಛತ್ರ ಸಿಕ್ಕುವುದೂ ಸುಲಭವಲ್ಲ, ಬೀಗರ ಬಸ್ಸು ನಿಲ್ಲಿಸುವುದು ಇನ್ನೂ ಕಷ್ಟ. ಅಕ್ಕನೇ ಒಂದು ದಾರಿ ಹೇಳಿದರು, “ನರಸೀಪುರ್ದಲ್ಲೇ ಮಾಡ್ಬುಡಣ. ನಮ್ ಕಡೆ ಮೊದ್ಲು ಗಂಡಿನ ಮನೇಲೇ ಅಲ್ವಾ ಮದ್ವೆ ಮಾಡ್ತಿದ್ದುದು.”

ಹೇಳಿದ ಮೇಲೆ ಅವರಿಗೇ ಹೊಳೆಯಿತು. ಯಜಮಾನರ ಅಸ್ಥಿ ಬಿಟ್ಟಿದ್ದು ಅಲ್ಲಿ, ತಿರುಮಕೂಡಲಿನಲ್ಲಿ. ಅವರ ತಾಯಿಯ ತವರು ನರಸೀಪುರ. ಅಂಗಡಿ ಮುಚ್ಚಿ ಬಂದ ರಾತ್ರಿಗಳಲ್ಲಿ ಅವರು ಇದೇ ಬೇಲಿ ಹತ್ತಿರ ನಿಂತು ನಮ್ಮವರಿಗೆ ಆ ಊರಿನ ಗುಂಜಾ ನರಸಿಂಹಸ್ವಾಮಿಯ ಕಥೆ ಹೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕಾಶಿಯನ್ನೂ ನರಸೀಪುರವನ್ನೂ ತಕ್ಕಡಿಯಲ್ಲಿಟ್ಟರೆ ನರಸೀಪುರದ್ದೇ ಒಂದು ಗುಲಗಂಜಿ ತೂಕ ಹೆಚ್ಚು ಅಂತ. ದಿನಸಿ ಅಂಗಡಿಯವರು, ಗುಲಗಂಜಿ ಅನ್ನುವಾಗ ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸುತ್ತಿದ್ದರು.

ನಮ್ಮೂರಿನ ಮುಂದೆ ಹರಿಯುವ ಕಪಿಲೆ ಸುತ್ತೂರು ದಾಟಿ, ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲೇ ಕೂಡುತ್ತದೆ ಅನ್ನುತ್ತಾರೆ. ಅಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ರೂಢಿ ಇದೆ, 2025ರ ಫೆಬ್ರವರಿಯಲ್ಲೂ ಆಯಿತು. ಮಳೆಗಾಲದಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ನಮ್ಮಲ್ಲಿ ಹದಿನಾರು ಕಾಲು ಮಂಟಪ ಮುಳುಗುತ್ತದೆ, ನೀರೆಲ್ಲ ಕೆಂಪು ರಾಡಿ. ಕಾರ್ತಿಕದ ಹೊತ್ತಿಗೆ ಹೊಳೆ ಇಳಿದು ತಿಳಿಯಾಗುತ್ತದೆ. ಅಗಸ್ತ್ಯ ನಕ್ಷತ್ರ ಮೂಡಿದರೆ ನೀರು ತಿಳಿಯಾಗುತ್ತದೆ ಅನ್ನುವುದು ಹಿಂದಿನವರ ಮಾತು. ಸಂಗಮದಲ್ಲಿ ಇರುವುದೂ ಅಗಸ್ತ್ಯೇಶ್ವರನೇ, ಋಷಿ ಮರಳಿನಲ್ಲಿ ಮಾಡಿದ ಲಿಂಗ. ಆ ಊರಿಗೆ ಸೊಸೆಯಾಗಿ ಹೋಗುವ ಹುಡುಗಿ ಹೋಗುತ್ತಿರುವುದು ಅಪ್ಪ ಇರುವ ಕಡೆಗೇ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನ ಕಣ್ಣಿನಲ್ಲಿ ಅದು ಆಗಲೇ ಇತ್ತು. ಬೀಗರಿಗೆ ಅಲ್ಲಿಂದಲೇ, ನನ್ನ ಮೊಬೈಲಿನಲ್ಲಿ, ಫೋನ್ ಮಾಡಿದರು. ಅವರು, “ಅದಕ್ಕೇನ್ ತಾಯಿ, ನಾಳೆ ಶನಿವಾರಾನೇ ಛತ್ರ ನೋಡಿ ಮುಂಗಡ ಕೊಟ್ಬುಡ್ತೀನಿ, ಪಕ್ಷ ಹುಟ್ಟಕ್ ಮೊದ್ಲೇ,” ಅಂದರು. ಅಷ್ಟೇ ಮಾತು, ಒಂದು ನಿಮಿಷವೂ ಹಿಡಿಯಲಿಲ್ಲ.

ಬಯಲಿನಲ್ಲಿ, ಮರದ ಕೆಳಗೆ ಮಂಟಪ ಅನ್ನುವ ಮಗಳ ಆಸೆಯನ್ನು ಮಾತ್ರ ನಾನು ಬೇಡ ಅಂದೆ. ಕಾರ್ತಿಕ ಅಂದರೆ ಹಿಂಗಾರು. ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆದರೆ ನಮ್ಮಲ್ಲಿ ಮೂರು ದಿನ ಜಡಿಮಳೆ. ನನ್ನ ಮದುವೆಯೂ ಕಾರ್ತಿಕದಲ್ಲೇ, 1984ರಲ್ಲಿ. ತೆಂಗಿನ ಗರಿಯ ಚಪ್ಪರ ಸೋರಿ, ಅಕ್ಕಿ ಬೆಲ್ಲ ಜೀರಿಗೆ ಕಲಸಿದ ತಟ್ಟೆಯಲ್ಲಿ ಪಾನಕವಾಗಿತ್ತು. ನಮ್ಮ ಸೋದರಮಾವ ಧಾರೆ ಮುಗಿಯುವವರೆಗೂ ನಮ್ಮಿಬ್ಬರ ತಲೆಮೇಲೆ ಕಂಬಳಿ ಹಿಡಿದು ನಿಂತಿದ್ದರು, ಅವರ ತೋಳು ಮರುದಿನ ಮೇಲೇಳಲಿಲ್ಲ. ಛತ್ರದ ಒಳಗೇ ಮಾಡಲಿ. ಮಂಟಪಕ್ಕೆ ಬಾಳೆಕಂಬ, ಮಾವಿನ ತೋರಣ, ಚೆಂಡುಹೂ, ಅದರ ನಡುನಡುವೆ ಒಂದೊಂದು ಹಿಡಿ ಭತ್ತದ ತೆನೆ. ನವೆಂಬರ್ ಮೊದಲ ವಾರಕ್ಕೆ ನಾಲೆ ಬಯಲಿನಲ್ಲಿ ತೆನೆ ಬಾಗಿ ಹಳದಿ ತಿರುಗಿರುತ್ತದೆ. ನಂಜನಗೂಡಿನಿಂದ ನರಸೀಪುರದವರೆಗೆ ರಸ್ತೆಯ ಎರಡು ಕಡೆಯೂ ಬಾಸ್ಟನ್ನಿನಿಂದ ಬರುವ ನಾಲ್ಕು ಜನಕ್ಕೆ ಅದೇ ಕಾಣುವುದು. ಮಗಳು ಕಳಿಸಿದ ಫೋಟೊದಲ್ಲಿ ಅಷ್ಟು ಬಂಗಾರ ಇರಲಿಲ್ಲ.

ಊಟದ ಮಾತು ಬೇಗ ಮುಗಿಯಿತು. ಸಿಹಿಗುಂಬಳದ ಪಲ್ಯ, ಬೂದುಗುಂಬಳದ ಮಜ್ಜಿಗೆಹುಳಿ, ಅದರದ್ದೇ ಕಾಶಿಹಲ್ವ. ಎಲೆಗೆ ರಸಬಾಳೆ ಸಿಕ್ಕರೆ ಹಾಕುವುದು; ಸೊರಗುರೋಗ ತಾಕಿದ ಮೇಲೆ ನಮ್ಮೂರಿನ ಹೆಸರಿನ ಹಣ್ಣೇ ನಮ್ಮೂರಿನಲ್ಲಿ ಅಪರೂಪವಾಗಿದೆ, ಆದ್ದರಿಂದ ಈಗಲೇ ಬೆಳೆಗಾರರಿಗೆ ಹೇಳಿಡಬೇಕು. ಬೀಗರ ಊಟದ ಲೆಕ್ಕ ಗಂಡಿನ ಕಡೆಯವರದು.

ಆಮೇಲೆ ಅಕ್ಕ ತಾವಾಗಿಯೇ ಎತ್ತಿದ ಮಾತು ಒಂದಿತ್ತು. “ಧಾರೆ ಎರೆಯೋಕೆ ಮೈದ್ನ ವಾರಗಿತ್ತಿನ ಕೂರುಸ್ತೀನಿ. ನಾನು ಅಡ್ಗೆಮನೆ ಕಡೆ ನೋಡ್ಕತೀನಿ ಬುಡಿ.”

ನನಗೆ ತಡೆಯಲಾಗಲಿಲ್ಲ. ಗಂಡ ಹೋದ ಮೇಲೆ ಆರು ವರ್ಷ ಅಂಗಡಿ ನಡೆಸಿದವರು, ಮಗಳ ಓದಿನ ಸಾಲ ತೀರಿಸಿದವರು ಮಗಳ ಮದುವೆಯ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಯಾಕೆ ಇರಬೇಕು? “ಅಕ್ಕ, ಧಾರೆ ನೀವೇ ಎರೀಬೇಕು. ಮಗಳ ಕೈ ಕೆಳಗೆ ನಿಮ್ಮ ಕೈ ಇರಬೇಕು. ಪುರೋಹಿತರ ಹತ್ರ ನಾನೇ ಮಾತಾಡ್ತೀನಿ. ಈಗ ಎಷ್ಟೋ ಕಡೆ ತಾಯಂದಿರು ಎರೀತಿದಾರೆ,” ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮೊಬೈಲಿನಿಂದ ಮಗಳ ದನಿ ಬಂತು. ಅವಳು ಇನ್ನೂ ಫೋನ್ ಇಟ್ಟಿರಲೇ ಇಲ್ಲ. “ಅವ್ವ, ನೀನ್ ಎರೀದಿದ್ರೆ ನಾನ್ ಮಣೆ ಮೇಲೆ ಕೂರಲ್ಲ.”

ಅಕ್ಕ ಬೇಲಿಯ ದಾಸವಾಳದ ಎಲೆಯನ್ನು ಒಂದೊಂದೇ ಕೀಳುತ್ತಾ ತಮ್ಮ ಮದುವೆಯ ಮಾತು ತೆಗೆದರು. ಹೊಸಿಲಿನಲ್ಲಿ ನಾದಿನಿಯರು ಅಡ್ಡಗಟ್ಟಿ ಗಂಡನ ಹೆಸರು ಹೇಳಿದರೇ ಬಿಡುವುದು ಅಂದರಂತೆ. ಒಂದು ಗಳಿಗೆ ತಲೆ ತಗ್ಗಿಸಿ ನಿಂತು ಹೇಳಿದ್ದಂತೆ. “ಅದೇ ಮೊದ್ಲು, ಅದೇ ಕೊನೆ. ಆಮೇಲೆ ಒಂದ್ ದಿವ್ಸಾನೂ ಅವರ ಹೆಸ್ರು ನನ್ ಬಾಯಲ್ ಬಂದಿಲ್ಲ ಟೀಚರಮ್ಮ. ರೇಷನ್ ಕಾರ್ಡ್‌ನೋರು ಕೇಳಿದ್ರೂ ಮಗಳ ಕೈಲೇ ಹೇಳಿಸ್ತಿದ್ದೆ.” ಅದು ನಿಜ. ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿರುವುದು “ನಮ್ಮನೆಯೋರು” ಅಂತ ಮಾತ್ರ.

ಬಿಸಿಲು ಏರುತ್ತಿತ್ತು. ನಾನು ಹೊರಡಬೇಕು ಅನ್ನುವಾಗ ಮಗಳು ಕೇಳಿದಳು, “ಮಿಸ್, ಕುಂಬಳ ಎಲ್ಲಿ ತರ್ತೀರಾ?” ನಾನು ಬಳ್ಳಿಯ ಎಲೆ ಸರಿಸಿ ತೋರಿಸಿದೆ. ಅಕ್ಕನ ಕಡೆಯ ತಂತಿಗೆ ಆತುಕೊಂಡು ಒಂದು ಹೀಚು ಕೂತಿತ್ತು. ಕಾಯಿ ಕಚ್ಚಿ ಒಂದು ವಾರವಾಗಿರಬೇಕು, ಕಿತ್ತಳೆಯಷ್ಟು ಗಾತ್ರ. ಮೈಯೆಲ್ಲ ಎಳೆಹಸಿರು, ಸಣ್ಣ ಸುಂಕು, ಬಾಡಿದ ಹೂ ಇನ್ನೂ ಮೂತಿಗೆ ಅಂಟಿಕೊಂಡಿತ್ತು. ಅಕ್ಟೋಬರ್ ಕೊನೆಗೆ ಸರಿಯಾಗಿ ಬಲಿಯುತ್ತದೆ.

“ನೆನಪಿದೆಯಾ ಮಿಸ್, ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ನಿಮ್ಮ ಕುಂಬಳದ ಮೇಲೆ ನನ್ನ ಹೆಸರು ಗೀಚಿದ್ದೆ. ಕಾಯಿ ದಪ್ಪ ಆದ ಹಾಗೆ ಅಕ್ಷರಾನೂ ದಪ್ಪ ಆಯ್ತು.”

ನೆನಪಿಲ್ಲದೆ ಏನು. ಎಳೆಕಾಯಿಯ ಮೇಲೆ ಮುಳ್ಳಿನಲ್ಲಿ ಬರೆದದ್ದು ಕಾಯಿಯ ಜೊತೆಗೇ ಬೆಳೆಯುತ್ತದೆ, ಗಾಯ ಮಾದು ಬಿಳಿ ಗೆರೆಯಾಗಿ ಉಬ್ಬುತ್ತದೆ. ಆ ವರ್ಷ ಆ ಕುಂಬಳವನ್ನು ಕೊಯ್ಯಲು ಮನಸ್ಸು ಬಾರದೆ ಸಂಕ್ರಾಂತಿವರೆಗೆ ಅಟ್ಟದ ಮೇಲೆ ಇಟ್ಟುಕೊಂಡಿದ್ದೆ.

ಅಕ್ಕ ತಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ನನ್ನ ಕಡೆ ಚಾಚಿದರು. “ಟೀಚರಮ್ಮ, ನಿಮ್ ಅಕ್ಷರ ದುಂಡಗದೆ. ಇದ್ರ ಮೇಲೆ ನೀವೇ ಬರೀರಿ.”

“ಏನಂತ ಬರೀಲಿ?”

“ನಮ್ಮನೆಯೋರ...” ಅಂದರು. ಮುಂದಿನದು ಬಾಯಿಗೆ ಬರಲಿಲ್ಲ. ತುಟಿ ಒಂದೆರಡು ಸಲ ಅಲುಗಿತು. ಫೋನಿನಲ್ಲಿ ಮಗಳೂ ಸುಮ್ಮನಿದ್ದಳು. ಅವಳು ಹೇಳಬಹುದಿತ್ತು, ಹೇಳಲಿಲ್ಲ.

ಅಕ್ಕ ಪಿನ್ನನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು. ಎಡಗೈಯಲ್ಲಿ ಹೀಚನ್ನು ಮೆಲ್ಲಗೆ ಹಿಡಿದು, ಬಗ್ಗಿ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆಯುವ ಹಾಗೆ ಒತ್ತಿ ಒತ್ತಿ ಗೀಚತೊಡಗಿದರು. ಮೊದಲನೇ ಅಕ್ಷರ ಸ್ವಲ್ಪ ಸೊಟ್ಟಗಾಯಿತು, ಉಳಿದ ಮೂರು ನೆಟ್ಟಗೆ ಬಂದವು. ಗೆರೆಯುದ್ದಕ್ಕೂ ರಸ ಸಣ್ಣ ಸಣ್ಣ ಹನಿಯಾಗಿ ಮೂಡಿತು. ಅದನ್ನು ಸೆರಗಿನ ತುದಿಯಿಂದ ಒತ್ತಿ ತೆಗೆದು, ಬಿಸಿಲು ತಾಕದ ಹಾಗೆ ಅಗಲವಾದ ಒಂದು ಎಲೆಯನ್ನು ಅದರ ಮೇಲೆ ಎಳೆದು ಮುಚ್ಚಿದರು.